ಅರ್ಧ ಸೀಸೆ ಸ್ಪಿರಿಟ್ಟು

ಮನುಷ್ಯನಿಗೆ ಕೆಲವು ಶಬ್ದಗಳ ಮೇಲೆ ಕಾರಣವಿಲ್ಲದೆ ಪ್ರೀತಿ ಇರುತ್ತದೆ. ಕೆಲವನ್ನು ಕಂಡರೆ ಕಾರಣವಿದ್ದೇ ಮೈ ಉರಿಯುತ್ತದೆ. ಇಂಗ್ಲಿಷಿನ ‘ಎವಾಪರೇಟ್’ ನನಗೆ ಎರಡನೆಯ ಜಾತಿಯದು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾದ ನಾನು ವರ್ಷಕ್ಕೊಮ್ಮೆಯಾದರೂ ಅದರ ಅರ್ಥ ಹೇಳಲೇಬೇಕು. ಈಗೆಲ್ಲ ‘ಆವಿಯಾಗು, ಇಲ್ಲವಾಗು, ಬರೆದುಕೊಳ್ಳಿ’ ಎಂದು ಒದರಿ ಮುಂದಿನ ಶಬ್ದಕ್ಕೆ ಓಡಿಬಿಡುತ್ತೇನೆ. ಮೊದಲು ಹೀಗಿರಲಿಲ್ಲ. ಮೊದಲು ನಾನು ಒಳ್ಳೆಯ ಮೇಷ್ಟ್ರಾಗಿದ್ದೆ. ಅನಾಹುತ ಆದದ್ದೇ ಅದರಿಂದ.

ಆಗ ಕೆಲಸಕ್ಕೆ ಸೇರಿ ನಾಲ್ಕೈದು ವರ್ಷವಾಗಿತ್ತು. ಪಾಠ ಹೇಳುವುದೆಂದರೆ ನನಗೆ ನಾಟಕದಲ್ಲಿ ಪಾರ್ಟು ಮಾಡಿದ ಹಾಗೆ. ‘ಸ್ಟಂಬಲ್’ ಎಂದರೇನೆಂದು ತೋರಿಸಲು ಹೋಗಿ, ಕುರ್ಚಿ ಹಾಕಿದ್ದ ಕಟ್ಟೆಯಿಂದ ನಿಜವಾಗಿಯೇ ಮುಗ್ಗರಿಸಿ ಬಿದ್ದು ಎರಡು ವಾರ ಕುಂಟಿದ್ದೆ. ನನ್ನ ಹೆಂಡತಿ ಕಾಲಿಗೆ ಎಣ್ಣೆ ತಿಕ್ಕುತ್ತಾ, “ಸದ್ಯ, ನೀರಲ್ಲಿ ಮುಳುಗೋ ಶಬ್ದ ಬರಲಿಲ್ಲವಲ್ಲ, ನನ್ನ ಪುಣ್ಯ” ಎಂದಿದ್ದಳು. ಅಂಥವನ ಕೈಗೆ ಎವಾಪರೇಟ್ ಸಿಕ್ಕರೆ ಬಿಡುತ್ತಾನೆಯೇ? ದಸರಾ ರಜಕ್ಕೆ ಮುಂಚಿನ ಕೊನೆಯ ದಿನ ಸೈನ್ಸ್ ಲ್ಯಾಬಿನ ಅಟೆಂಡರ್ ಜವರಯ್ಯನ ಬಳಿ ಹೋಗಿ, “ಆ ಸ್ಪಿರಿಟ್ ಸೀಸೆ ಒಂದು ಗಳಿಗೆ ಕೊಡಪ್ಪ” ಎಂದೆ.

ಜವರಯ್ಯ ಕುಂಬಾರಕೊಪ್ಪಲಿನವನು, ಐವತ್ತರ ಹತ್ತಿರದ ವಯಸ್ಸು. ಹನ್ನೊಂದು ವರ್ಷದಿಂದ ಹಂಗಾಮಿಯಾಗಿಯೇ ದುಡಿಯುತ್ತಿದ್ದ. ಬರುವ ಯುಗಾದಿಯೊಳಗೆ ಕಾಯಂ ಮಾಡಿಸುತ್ತೇನೆಂದು ಹೆಡ್ಮಾಸ್ಟರು ಮಾತು ಕೊಟ್ಟಿದ್ದರು. ಆ ಸುದ್ದಿಯನ್ನು ಅವನು ನಮಗೆಲ್ಲ ಹೇಳಿ ಮುಗಿಸಿ, ಲ್ಯಾಬಿನಲ್ಲಿ ನೇತುಹಾಕಿದ್ದ ಅಸ್ಥಿಪಂಜರಕ್ಕೂ ಹೇಳಿದ್ದನೇನೋ. ಅಗಲ ಬಾಯಿನ ಸೀಸೆಯಲ್ಲಿ ಅರ್ಧದಷ್ಟು ಸ್ಪಿರಿಟ್ಟಿತ್ತು. ಕೊಡುತ್ತಾ, “ಉಸಾರು ಮೇಷ್ಟ್ರೇ, ಬಿರಡೆ ಬದ್ರವಾಗಿ ಆಕ್ಬುಡಿ. ಇದು ಗಾಳಿ ಕಂಡ್ರೆ ನಿಲ್ಲಾಕಿಲ್ಲ” ಎಂದ. “ನನಗೇ ಪಾಠ ಹೇಳ್ತೀಯೇನಯ್ಯ?” ಎಂದು ನಕ್ಕೆ.

ಪಾಠ ಅಮೋಘವಾಗಿ ನಡೆಯಿತು. ಹುಡುಗರ ಅಂಗೈಗೆ ಒಂದೊಂದು ತೊಟ್ಟು ಬಿಟ್ಟೆ. ತಣ್ಣಗೆ ಕೊರೆದು ನೋಡನೋಡುತ್ತಲೇ ಮಾಯ. ‘ಇದು ಒಂದು ಅರ್ಥ. ಮನುಷ್ಯನ ಆಸೆ, ಧೈರ್ಯ, ಇವೂ ಹೀಗೇ ಸದ್ದಿಲ್ಲದೆ ಇಲ್ಲವಾಗುತ್ತವೆ, ಅದು ಇನ್ನೊಂದು ಅರ್ಥ’ ಎಂದು ಭಾಷಣ ಬಿಗಿದೆ. ಅಷ್ಟರಲ್ಲಿ ಗಂಟೆಯಾಯಿತು. ಗಂಟೆ ಹೊಡೆಯುವವನೂ ಜವರಯ್ಯನೇ ಆದ್ದರಿಂದ ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ನಾನೇ ಒಳಗೆ ನುಗ್ಗಿ, ಸೀಸೆಯನ್ನು ಎತ್ತರದ ಗೂಡಿನಲ್ಲಿ ಇಟ್ಟು, ರಜದ ಸಂಭ್ರಮದಲ್ಲಿ ಹುಡುಗರಿಗಿಂತ ಮುಂಚೆ ಗೇಟು ದಾಟಿ ವಿದ್ಯಾರಣ್ಯಪುರದ ಮನೆ ಸೇರಿದೆ.

ವಿಜಯದಶಮಿಯ ಸಂಜೆ ಹೆಂಡತಿಯೊಡನೆ ಬನ್ನಿಮಂಟಪದಲ್ಲಿ ಪಂಜಿನ ಕವಾಯತು ನೋಡುತ್ತಾ ಕಡಲೆಕಾಯಿ ತಿನ್ನುತ್ತಿದ್ದೆ. ಇನ್ನೊಂದು ಹಿಡಿಗೆಂದು ಕೋಟಿನ ಜೇಬಿಗೆ ಕೈ ಹಾಕಿದರೆ ಕೈಗೆ ಬಂದದ್ದು ಬಿರಡೆ.

“ಏನ್ರೀ ಅದು?” ಎಂದಳು. ಹೇಳಿದೆ. “ಅಯ್ಯೋ, ಹಾಗಾದರೆ ಸೀಸೆ ತೆರೆದೇ ಇದೆಯಾ?”

“ನಾಳೆ ಜವರಯ್ಯನನ್ನ ಹುಡುಕಿ ಕೊಟ್ಟುಬರ್ತೀನಿ” ಎಂದೆ. ನಾಳೆ ಮಾವನವರು ಬಂದರು. ನಾಡಿದ್ದು ಸೋಮಾರಿತನ ಬಂತು. ಶಾಲೆ ತೆರೆಯುವ ತನಕ ಬಿರಡೆ ಜೇಬಿನಲ್ಲೇ ಸುಖವಾಗಿತ್ತು.

ಶಾಲೆ ತೆರೆದ ದಿನ ಸೀಸೆ ಬರಿದಾಗಿತ್ತು. ಅದು ಪಾನನಿರೋಧದ ಮಾತು ಎಲ್ಲರ ಬಾಯಲ್ಲೂ ಇದ್ದ ಕಾಲ. ನಮ್ಮ ಹೆಡ್ಮಾಸ್ಟರಂತೂ ಹೆಂಡದ ವಿರುದ್ಧ ಬೀದಿ ಬೀದಿಯಲ್ಲಿ ಭಾಷಣ ಮಾಡುತ್ತಿದ್ದವರು. ಸ್ಪಿರಿಟ್ಟಿಗೆ ನೀರು ಬೆರೆಸಿ ಕುಡಿಯುವ ಪಾಪಿಗಳಿದ್ದಾರೆಂದು ಅವರಿಗೆ ಯಾರೋ ಹೇಳಿದ್ದರು. ಲ್ಯಾಬಿನ ಬೀಗದ ಕೈ ಇದ್ದದ್ದು ಜವರಯ್ಯನೊಬ್ಬನ ಹತ್ತಿರ. ಇನ್ನೇನು ಬೇಕು? “ಕುಡಿದಿದ್ದೀಯ, ಒಪ್ಪಿಕೋ” ಎಂದು ಗುಡುಗಿದರು.

“ಮಕ್ಕಳಾಣೆ ಸ್ವಾಮಿ, ಒಂದ್ ತೊಟ್ಟೂ ಮುಟ್ಟಿಲ್ಲ. ಇಂಗ್ಲೀಷ್ ಮೇಷ್ಟ್ರು ತಕ್ಕೊಂಡೋಗಿದ್ರು. ಬೇಕಾದ್ರೆ ಅವರ್ನೇ ಕೇಳಿ” ಎಂದನಂತೆ.

ನನಗೆ ಕರೆ ಬಂತು. ಮೆಟ್ಟಿಲು ಹತ್ತುವಾಗ ಜೇಬಿನ ಬಿರಡೆಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ. ‘ತಪ್ಪು ನನ್ನದು ಸಾರ್’ ಎಂಬುದನ್ನು ಮೂರು ಸಲ ಬಾಯಿಪಾಠ ಮಾಡಿದೆ. ಒಳಗೆ ಹೋದರೆ ಜವರಯ್ಯ ಮೇಜಿನ ಪಕ್ಕ ನಿಂತಿದ್ದ. ಹೆಡ್ಮಾಸ್ಟರು ಕನ್ನಡಕದ ಮೇಲಿನಿಂದ ನೋಡಿ, “ಸೀಸೆ ವಾಪಸ್ ಇಟ್ಟಿರಾ?” ಎಂದರು.

“ಇಟ್ಟೆ ಸಾರ್.”

“ಬಿರಡೆ ಹಾಕಿ?”

ಹುಡುಗರ ಅಂಗೈಯ ತೊಟ್ಟು ಆರುವುದಕ್ಕೆ ಅರ್ಧ ನಿಮಿಷವಾದರೂ ಹಿಡಿದಿತ್ತು. ನನ್ನ ಧೈರ್ಯಕ್ಕೆ ಅಷ್ಟು ಹೊತ್ತೂ ಬೇಕಾಗಲಿಲ್ಲ. “ಹಾಕಿದ ನೆನಪು ಸಾರ್” ಎಂದೆ.

ಜವರಯ್ಯ ನನ್ನನ್ನು ದುರುಗುಟ್ಟಿ ನೋಡಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವನು ತನ್ನ ಕೈಗಳನ್ನೇ ನೋಡಿಕೊಂಡ. “ಮೇಷ್ಟ್ರು ಆಕಿದೀನಿ ಅಂದ್ರೆ ಆಕಿರ್ತಾರೆ. ಅಂಗಾದ್ರೆ ದೂಳು ಒಡೆಯೋವಾಗ ನಾನೇ ತೆಗ್ದು ಮರ್ತ್ಬುಟ್ನೇನೋ” ಎಂದ. ಆಗಲೂ ನಿಜ ಹೇಳಬಹುದಾಗಿತ್ತು. ಅದರ ಬದಲು, “ಇವನು ಕುಡಿಯೋನಲ್ಲ ಸಾರ್, ಸ್ಪಿರಿಟ್ ಎವಾಪರೇಟ್ ಆಗಿದೆ” ಎಂದು ಶುರುಮಾಡಿ, ಒಂದೂ ತಪ್ಪಿಲ್ಲದ ಇಂಗ್ಲಿಷಿನಲ್ಲಿ ಐದು ನಿಮಿಷ ವಾದಿಸಿದೆ. ಹೆಡ್ಮಾಸ್ಟರು ತಲೆದೂಗಿದರು. ಕುಡಿದ ಆಪಾದನೆ ಹೋಯಿತು. ಅಜಾಗರೂಕತೆ ಎಂಬುದು ಉಳಿಯಿತು. ಹಂಗಾಮಿ ನೌಕರನನ್ನು ಮನೆಗೆ ಕಳಿಸಲು ಅಷ್ಟು ಧಾರಾಳವಾಗಿ ಸಾಕು. ತಿಂಗಳ ಕೊನೆಗೆ ಕಳಿಸಿದರು.

“ಈಗಲೂ ಹೋಗಿ ಹೇಳಿ” ಎಂದಳು ಹೆಂಡತಿ. ಹೆಡ್ಮಾಸ್ಟರ ಕೋಪ ಇಳಿಯಲಿ ಎಂದೆ. ಕೋಪ ವಾರದಲ್ಲಿ ಇಳಿಯಿತು. ಸಮಯ ನೋಡಿ ಹೇಳುತ್ತೇನೆ ಎಂದೆ. ಬಿರಡೆಯನ್ನು ಚರಂಡಿಗೆ ಎಸೆದೆ.

ಅವರೆಕಾಯಿ ಕಾಲದಲ್ಲಿ ಒಂದು ಭಾನುವಾರ ಬೆಳಿಗ್ಗೆ ಜವರಯ್ಯ ಮನೆ ಮುಂದೆ ನಿಂತಿದ್ದ. ಹೆಗಲ ಮೇಲೆ ಒಂದು ಚೀಲ ಸೊಗಡವರೆ. ಕೂತ್ಕೋ ಎಂದರೆ ಜಗಲಿಯ ಅಂಚಿಗೂ ಕೂರಲಿಲ್ಲ.

“ಭಾಮೈದನ ಒಲದಲ್ಲಿ ಕೂಲಿ ಮಾಡ್ತಿವ್ನಿ. ನಿಮ್ಗೆ ಅಂತ ತಂದೆ ಮೇಷ್ಟ್ರೇ” ಎಂದ. “ಅವತ್ತು ನೀವು ಇಂಗ್ಲೀಷಲ್ಲಿ ಏಳ್ದೇ ಇದ್ದಿದ್ರೆ ಕೊಪ್ಪಲಲ್ಲೆಲ್ಲ ನನ್ನ ಕುಡುಕ ಅನ್ಬುಡೋರು. ಮಗಳಿಗೆ ಗಂಡು ಸಿಕ್ತಿರ್ಲಿಲ್ಲ. ಕೆಲ್ಸ ಓದ್ರೆ ಓಯ್ತು, ಮರ್ವಾದೆ ಉಳಿಸಿದ್ರಿ.”

ಹೆಂಡತಿ ಬಾಗಿಲ ಹಿಂದೆ ನಿಂತಿದ್ದಳು. ಈಗಲಾದರೂ ಹೇಳುತ್ತಾರೆ ಎಂದು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಬಾಯಿ ತೆರೆದೆ. “ಕಾಯಿ ಚೆನ್ನಾಗಿ ಬಲಿತಿದೆ ಕಣಯ್ಯ” ಎಂದೆ.

ಮಧ್ಯಾಹ್ನ ಅವರೆಕಾಳು ಹುಳಿಯಾಯಿತು. ಅವಳು ನನಗೆ ಬಡಿಸಿ, ತಾನು ಮಜ್ಜಿಗೆ ಉಪ್ಪಿನಕಾಯಿ ಹಾಕಿಕೊಂಡು ಉಂಡಳು. ಅನ್ನ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ನನಗೂ ಗೌರವ, ನಿಮಗೂ ಸಮಾಧಾನ. ಏನು ಮಾಡಲಿ, ಸೊಗಡು ಬಹಳ ಚೆನ್ನಾಗಿತ್ತು. ಎರಡನೆಯ ಸಲವೂ ಹಾಕಿಸಿಕೊಂಡೆ.