ಅಳತೆ ಪುಸ್ತಕದ ಕೊಲೆಗಾರರು

ನನ್ನ ದೊಡ್ಡಮ್ಮ ಈವರೆಗೆ ಮುನ್ನೂರಕ್ಕಿಂತ ಹೆಚ್ಚು ಕೊಲೆಗಾರರನ್ನು ಹಿಡಿದಿದ್ದಾರೆ. ಅದೂ ಕಾಪುವಿನ ತಮ್ಮ ಟೈಲರ್ ಅಂಗಡಿಯ ಸ್ಟೂಲಿನಿಂದ ಏಳದೆ! ಆದರೆ ಹೇಳಿದ ದಿನಕ್ಕೆ ಸರಿಯಾಗಿ ಒಂದು ಬ್ಲೌಸು ಹೊಲಿದು ಕೊಟ್ಟದ್ದನ್ನು ಮಾತ್ರ ಊರಿನಲ್ಲಿ ಯಾರೂ ಕಂಡಿಲ್ಲ. ಎರಡಕ್ಕೂ ಕಾರಣ ಒಂದೇ, ಪತ್ತೇದಾರಿ ಕಾದಂಬರಿ.

ಪುಸ್ತಕವನ್ನು ಹೊಲಿಗೆ ಯಂತ್ರದ ಪಕ್ಕದಲ್ಲಿ ತೆರೆದಿಟ್ಟು, ಫ್ಯಾನಿನ ಗಾಳಿಗೆ ಪುಟ ಹಾರದಂತೆ ಕತ್ತರಿಯನ್ನು ಅಡ್ಡ ಇಟ್ಟು, ಪೆಡಲು ತುಳಿಯುತ್ತಲೇ ಅವರು ಓದುತ್ತಾರೆ. ಕಥೆ ಬಿಗಿಯಾದಂತೆ ಪೆಡಲಿನ ವೇಗವೂ ಏರುತ್ತದೆ. ಒಮ್ಮೆ ಕೊಲೆಗಾರ ಮಹಡಿ ಮೆಟ್ಟಿಲು ಹತ್ತುತ್ತಿದ್ದ ಹೊತ್ತಿನಲ್ಲಿ, ಪಾಪ, ಒಬ್ಬ ಟೀಚರ ಬ್ಲೌಸಿನ ಎರಡು ತೋಳುಗಳೂ ಒಂದಕ್ಕೊಂದು ಸೇರಿಕೊಂಡು ಬಿಟ್ಟವು.

"ಇದೆಂತ ಇದು? ಕೈ ಹಾಕುದೆಲ್ಲಿ?" ಎಂದು ಟೀಚರು ಕೇಳಿದರು.

"ಅವ ಸಿಕ್ಕಿಬಿದ್ದ ಟೀಚರೇ, ಇನ್ನು ಹೆದರಿಕೆ ಇಲ್ಲ. ನಾಳೆ ಬಿಚ್ಚಿ ಸರಿ ಮಾಡಿ ಕೊಡ್ತೇನೆ," ಎಂದರು ದೊಡ್ಡಮ್ಮ.

ಯಾವ ಪುಸ್ತಕವಾದರೂ ಸರಿ ಎಂಬ ಓದುಗರಲ್ಲ ಅವರು. ಆರಡಿ ಎತ್ತರದ, ಕರಾಟೆ ಬಲ್ಲ, ಎಂದೂ ತಪ್ಪು ಮಾಡದ ನಾಯಕ ಬಂದನೋ, ಮೂರನೆಯ ಪುಟಕ್ಕೆ ಪುಸ್ತಕ ಮುಚ್ಚಿಹೋಯಿತು. "ಇವನಿಗೆ ಎಂತ ಕಷ್ಟ ಉಂಟು? ಕಿಟಕಿಯಿಂದ ಹಾರ್ತಾನೆ, ಕಾಲು ಉಳುಕುದಿಲ್ಲ. ಗುಂಡು ಹೊಡೀತಾರೆ, ತಾಗುದಿಲ್ಲ. ಇವನಿಗೋಸ್ಕರ ನಾನ್ಯಾಕೆ ಹೆದರ್ಬೇಕು?" ಅವರಿಗೆ ಬೇಕಾದವನು ಸಕ್ಕರೆ ಕಾಯಿಲೆಯ ಪೋಸ್ಟ್ ಮಾಸ್ತರ, ಹೆಂಡತಿಗೆ ಸುಳ್ಳು ಹೇಳಿ ಇಸ್ಪೀಟು ಆಡಲು ಹೋಗುವ ಗುಮಾಸ್ತ, ಕನ್ನಡಕ ಮರೆತು ಬಂದು ತಪ್ಪು ಮನೆಯ ಬಾಗಿಲು ತಟ್ಟುವ ಮನುಷ್ಯ. "ಒಂದು ತಪ್ಪು ಮಾಡ್ತಾನೆ. ಅದನ್ನು ಮುಚ್ಚಲಿಕ್ಕೆ ಇನ್ನೊಂದು. ಅಲ್ಲಿಂದ ಮೇಲೆ ನನಗೆ ಅನ್ನ ಸೇರುದಿಲ್ಲ ಮಗಾ. ನಾವಾದ್ರೂ ಹಾಗೇ ಅಲ್ವಾ ಮಾಡುದು?"

ಮೊದಲ ಓದು ಹೆದರಲಿಕ್ಕೆ, ಎರಡನೆಯದು ಹೊಲಿಗೆ ಬಿಚ್ಚಿ ನೋಡಲಿಕ್ಕೆ. "ಕಥೆ ಅಂದ್ರೆ ಲೈನಿಂಗ್ ಹಾಕಿದ ಬ್ಲೌಸಿನ ಹಾಗೆ. ಹೊರಗಿನ ಬಟ್ಟೆ ಎಲ್ಲರಿಗೂ ಕಾಣ್ತದೆ. ಒಳಗಿನದ್ದು ಸರಿ ಕೂರದಿದ್ರೆ ಒಂದು ಸಲ ಒಗೆದಾಗ ಗೊತ್ತಾಗ್ತದೆ." ನಮ್ಮ ಕಡೆಯ ಒಂದು ಕಾದಂಬರಿಯಲ್ಲಿ ಆರೋಪಿ ನಾಲ್ಕು ಗಂಟೆಗೆ ಉಡುಪಿಯಲ್ಲಿದ್ದು ನಾಲ್ಕೂವರೆಗೆ ಕಾರ್ಕಳದಲ್ಲಿ ಚಹಾ ಕುಡಿಯುತ್ತಾನೆ. ಬಸ್ಸಿನಲ್ಲಿ ಅದು ಗಂಟೆಗೂ ಮೀರಿದ ದಾರಿ. ದೊಡ್ಡಮ್ಮನದ್ದು ಎರಡು ದಿನ ಅದೇ ಮಾತು! "ಯಾವ ಬಸ್ಸಿನಲ್ಲಿ ಹೋದ ಇವ? ನನಗೂ ಆ ಬಸ್ಸಿನ ಹೆಸರು ಹೇಳಿ ಮಾರಾಯ್ರೇ!"

ಅನುಮಾನಗಳನ್ನು ಬರೆದಿಡಲು ಅವರ ಬಳಿ ಬೇರೆ ಪುಸ್ತಕವಿಲ್ಲ. ಗಿರಾಕಿಗಳ ಅಳತೆ ಬರೆಯುವ ಪುಸ್ತಕದಲ್ಲಿಯೇ, ಆಗ ತೆರೆದಿದ್ದ ಪುಟದಲ್ಲಿ ಬರೆದು ಬಿಡುತ್ತಾರೆ. ಒಮ್ಮೆ ಮದುವೆ ಹುಡುಗಿಯೊಬ್ಬಳ ತಾಯಿ, ಮಗಳ ಅಳತೆ ಸರಿಯಿದೆಯೇ ಎಂದು ಆ ಪುಟ ನೋಡಿದರು. ಅಲ್ಲಿ ತೋಳು ಹತ್ತು, ಉದ್ದ ಹದಿನಾಲ್ಕು ಎಂದು ಬರೆದು, ಅದರ ಕೆಳಗೆ, "ಡಾಕ್ಟರನ ಮೊದಲ ಹೆಂಡತಿ ಸತ್ತಿಲ್ಲ. ಖಾತ್ರಿ" ಎಂದಿತ್ತು. ಹುಡುಗಿಗೆ ನಿಶ್ಚಯವಾಗಿದ್ದ ವರ ಕಾರ್ಕಳದ ಡಾಕ್ಟರು! ಆ ತಾಯಿ ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತರು. ದೊಡ್ಡಮ್ಮ ಸೋಡಾ ತರಿಸಿ, ಕಾದಂಬರಿ ತೋರಿಸಿ, ಅಲ್ಲಿಯವರೆಗಿನ ಕಥೆ ಹೇಳಿ ಸಮಾಧಾನ ಮಾಡಬೇಕಾಯಿತು. ಆ ತಾಯಿ ಕಣ್ಣು ಒರೆಸಿಕೊಂಡು ಕೇಳಿದ್ದು ಒಂದೇ ಪ್ರಶ್ನೆ: "ಹಾಗಾದ್ರೆ ಅವಳನ್ನು ಎಲ್ಲಿ ಅಡಗಿಸಿಟ್ಟದ್ದು?"

ಇಷ್ಟರವರೆಗೆ ನಾನು ನಗುತ್ತಲೇ ಹೇಳಬಲ್ಲೆ. ಮುಂದಿನದ್ದನ್ನು ನಡೆದ ಕ್ರಮದಲ್ಲಿಯೇ ಹೇಳಬೇಕು. ಈಗ ನನಗೆ ಆ ವಿಷಯದಲ್ಲಿ ತುಂಬ ಎಚ್ಚರಿಕೆ.

ಕಳೆದ ಬೇಸಗೆಯ ಒಂದು ಸಂಜೆ, ನಾಲ್ಕು ಗಂಟೆಯ ಸುಮಾರಿಗೆ, ಕಾಪುವಿನ ಹೆದ್ದಾರಿ ಬದಿಯಲ್ಲಿ ಪಡುಬಿದ್ರಿಯ ಬಸ್ಸಿಗೆ ಕಾಯುತ್ತಿದ್ದೆ. ಒಂದು ರಿಕ್ಷಾ ಮತ್ತು ಒಂದು ಸ್ಕೂಟರ್ ಡಿಕ್ಕಿಯಾದವು. ಸ್ಕೂಟರಿನಲ್ಲಿದ್ದ ಕಾಲೇಜು ವಿದ್ಯಾರ್ಥಿ ಎಚ್ಚರ ತಪ್ಪಿ ಬಿದ್ದಿದ್ದ; ಅವನ ಒಂದು ಕಾಲು ಇರಬಾರದ ರೀತಿಯಲ್ಲಿ ಮಡಚಿಕೊಂಡಿತ್ತು. ರಿಕ್ಷಾದ ಸುಂದರಣ್ಣ, ಮೂವತ್ತು ವರ್ಷದಿಂದ ನಮ್ಮ ಸ್ಟ್ಯಾಂಡಿನಲ್ಲಿರುವವರು, ರಸ್ತೆಯಲ್ಲಿ ನಿಂತು, "ನಾನು ಇಂಡಿಕೇಟರ್ ಹಾಕಿದ್ದೆ, ಹಾಕಿದ್ದೆ," ಎನ್ನುತ್ತಿದ್ದರು. ಹುಡುಗನನ್ನು ಮಣಿಪಾಲದ ಆಸ್ಪತ್ರೆಗೆ ಕೊಂಡೊಯ್ದರು. ಪೊಲೀಸರು ಬಂದು, ನೋಡಿದವರು ಯಾರು ಎಂದು ಕೇಳಿದರು. ನಾನು ಮುಂದೆ ಬಂದು ಹೇಳಿದೆ: "ನಾನು ನೋಡಿದ್ದೇನೆ. ರಿಕ್ಷಾದವರು ಇಂಡಿಕೇಟರ್ ಹಾಕದೆ ತಿರುಗಿಸಿದರು." ಬೆಳಿಗ್ಗೆ ಠಾಣೆಗೆ ಬಂದು ಹೇಳಿಕೆ ಬರೆಸಿ ಸಹಿ ಹಾಕಬೇಕು ಎಂದರು.

ನೇರವಾಗಿ ದೊಡ್ಡಮ್ಮನ ಅಂಗಡಿಗೆ ಹೋದೆ. ನೀರು ಕೊಟ್ಟರು, ಕೇಳಿಸಿಕೊಂಡರು, ಓದುತ್ತಿದ್ದ ಪುಸ್ತಕ ಮುಚ್ಚಿಟ್ಟರು. ಮೆಚ್ಚಿ ಓದುತ್ತಿದ್ದ ಪುಸ್ತಕವನ್ನು ಅವರು ನಡುವೆ ಮುಚ್ಚಿದ್ದನ್ನು ನಾನು ಮೊದಲ ಬಾರಿಗೆ ನೋಡಿದೆ.

"ನಿಂತ್ಕೋ. ಹೇಗೆ ನಿಂತಿದ್ದಿ ಹಾಗೆಯೇ."

ಹೊಲಿಗೆ ಯಂತ್ರ ರಿಕ್ಷಾ ಆಯಿತು. ಅಳತೆ ಕೊಡಲು ಬಂದಿದ್ದ ಒಬ್ಬ ಹೆಂಗಸು, "ನಾನೆಂತ ಮಾಡ್ಬೇಕು?" ಎಂದು ಕೇಳಿದ ತಪ್ಪಿಗೆ ಸ್ಕೂಟರ್ ಆದರು.

"ಕೈಯಲ್ಲಿ ಎಂತ ಇತ್ತು?"

"ಬಲಗೈಯಲ್ಲಿ ಬ್ಯಾಗು. ಎಡಗೈಯಲ್ಲಿ ಕೊಡೆ."

"ಬಿಚ್ಚಿದ್ದಾ, ಮುಚ್ಚಿದ್ದಾ?"

"ಬಿಚ್ಚಿದ್ದು. ಪಡುವಣದ ಬಿಸಿಲು ಮುಖಕ್ಕೇ ಹೊಡೀತಿತ್ತು ಅಲ್ವಾ?"

ಕೊಡೆ ಬಿಚ್ಚಿ ನನ್ನ ಕೈಗೆ ಕೊಟ್ಟರು. ಬಿಸಿಲು ತಾಗದಂತೆ ನಾನು ಅದನ್ನು ಮುಂದಕ್ಕೆ ವಾಲಿಸಿದೆ. ನನಗೆ ಕಂಡದ್ದು ಕಪ್ಪು ಬಟ್ಟೆ, ಅದರ ಕೆಳಗೆ ನೆಲ, ನೆಲದ ಮೇಲೆ ನಾಲ್ಕೈದು ತುಂಡು ನೂಲು. ಹೊಲಿಗೆ ಯಂತ್ರ ಕಾಣಲಿಲ್ಲ. ಸ್ಕೂಟರ್ ಆಗಿದ್ದ ಹೆಂಗಸಿನ ಚಪ್ಪಲಿ ಮಾತ್ರ ಕಂಡಿತು.

"ಶಬ್ದ ಮೊದಲಾ, ಕೊಡೆ ಎತ್ತಿದ್ದು ಮೊದಲಾ?"

ನಾನು ಕೊಡೆಯನ್ನು ಮತ್ತೊಮ್ಮೆ ಎತ್ತಿ ಇಳಿಸಿ ನೋಡಿದೆ. "ಶಬ್ದ," ಎಂದೆ.

"ಹಾಗಾದ್ರೆ ಇಂಡಿಕೇಟರ್?"

"ಅದು... ಅಲ್ಲಿ ಇಳಿದು ಬಂದ ಮೀನಿನ ಲಾರಿಯವ ಹೇಳಿದ್ದು. ಎಲ್ಲರೂ ಅದನ್ನೇ ಹೇಳ್ತಿದ್ರು." ಹೇಳುವಾಗಲೂ ಆ ದೀಪವಿಲ್ಲದ ರಿಕ್ಷಾ ನನ್ನ ಕಣ್ಣ ಮುಂದೆ ಸ್ಪಷ್ಟವಾಗಿ ತಿರುಗುತ್ತಿತ್ತು. ನೋಡದೆ ಇದ್ದದ್ದು ಅಷ್ಟು ಸ್ಪಷ್ಟವಾಗಿ ಕಾಣುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಸುಂದರಣ್ಣನ ಲೈಸೆನ್ಸು, ರಿಕ್ಷಾ, ಮರ್ಯಾದೆ, ಎಲ್ಲವನ್ನೂ ನಾನು ಒಂದು ವಾಕ್ಯದಲ್ಲಿ ಕಿತ್ತುಕೊಳ್ಳುವವನಿದ್ದೆ.

ದೊಡ್ಡಮ್ಮ ಬೈಯಲಿಲ್ಲ. "ನಾಳೆ ನಾನೂ ಬರ್ತೇನೆ," ಎಂದರು. ಸ್ಕೂಟರ್ ಆಗಿದ್ದ ಹೆಂಗಸು, "ನನ್ನ ಅಳತೆ?" ಎಂದು ಕೇಳಿ, ನಮ್ಮ ಮುಖ ನೋಡಿ, ಇನ್ನೊಂದು ದಿನ ಬರುತ್ತೇನೆಂದು ಹೊರಟರು.

ಠಾಣೆಯಲ್ಲಿ ನಾನು ಹೇಳಿದೆ: ಶಬ್ದ ಕೇಳಿದೆ, ಆಮೇಲೆ ಕೊಡೆ ಎತ್ತಿದೆ, ಬಿದ್ದ ಹುಡುಗನನ್ನು ಕಂಡೆ. ಇಂಡಿಕೇಟರ್ ನೋಡಿಲ್ಲ. ನಿನ್ನೆ ಹೇಳಿದ್ದು ತಪ್ಪು.

"ಇದನ್ನು ಹೇಳ್ಲಿಕ್ಕೆ ಇಬ್ಬರು ಬರ್ಬೇಕಿತ್ತಾ?" ಎಂದರು ಹೇಳಿಕೆ ಬರೆದುಕೊಳ್ಳುತ್ತಿದ್ದ ಪೊಲೀಸರು.

"ಬರ್ಬೇಕಿತ್ತು," ಎಂದರು ದೊಡ್ಡಮ್ಮ.

ವಾರದ ಬಳಿಕ ಆ ಹುಡುಗನೇ ಆಸ್ಪತ್ರೆಯ ಹಾಸಿಗೆಯಿಂದ ಹೇಳಿದನಂತೆ, ರಿಕ್ಷಾದ ಹಳದಿ ದೀಪ ಮಿನುಗುತ್ತಿತ್ತು, ಮುಂದೆ ದಾಟಿ ಹೋಗಬಹುದೆಂದು ತಾನೇ ನುಗ್ಗಿದ್ದು ಎಂದು. ಸುದ್ದಿ ಹೇಳಲು ಸುಂದರಣ್ಣ ಅಂಗಡಿಗೆ ಬಂದರು. ನಾನು ಅವರ ಮುಖ ನೋಡಿ ಕ್ಷಮೆ ಕೇಳಿದೆ. ಅವರು, "ಬಿಡಿ ಮಾರಾಯ್ರೇ, ನೀವು ತಿದ್ದಿ ಹೇಳಿದ್ರಲ್ಲ," ಎಂದು ಹೋದರು.

ಅವರು ಹೋದ ಮೇಲೆ ದೊಡ್ಡಮ್ಮ ಪೆಡಲಿನಿಂದ ಕಾಲು ತೆಗೆದು ಕೂತರು.

"ಉಡುಪಿಯ ಕಡಿಯಾಳಿಯಲ್ಲಿ ಹೊಲಿಗೆ ಕ್ಲಾಸಿಗೆ ಹೋಗ್ತಿದ್ದಾಗ ನನಗೆ ಹತ್ತೊಂಬತ್ತು. ಗಿರಿಜಾ ಅಂತ ಜೊತೆಗಿದ್ದಳು, ನನಗಿಂತ ಒಳ್ಳೆ ಕೈ. ಒಂದು ದಿನ ರೇಷ್ಮೆ ಬ್ಲೌಸ್ ಪೀಸು ಕಾಣೆಯಾಯ್ತು. ಎಲ್ಲರೂ ಅವಳೇ ಅಂದ್ರು. ಟೀಚರು ನನ್ನ ಮುಖ ನೋಡಿದ್ರು. ನಾನು, ಹೌದು, ಅವಳು ಚೀಲಕ್ಕೆ ಹಾಕುದು ಕಂಡೆ, ಅಂದೆ."

"ಕಂಡಿದ್ರಾ?"

"ಇಲ್ಲ ಮಗಾ. ಪೀಸು ಆಮೇಲೆ ಇಸ್ತ್ರಿ ಬಟ್ಟೆಯ ರಾಶಿಯಲ್ಲಿ ಸಿಕ್ಕಿತು. ಅಷ್ಟರಲ್ಲಿ ಅವಳನ್ನು ಕ್ಲಾಸು ಬಿಡಿಸಿ ಆಗಿತ್ತು. ಮತ್ತೆ ಅವಳು ಹೊಲಿಗೆ ಮಿಷನ್ ಮುಟ್ಟಲಿಲ್ಲ. ಬೆಳ್ಮಣ್ಣಿನಲ್ಲಿ ಬೀಡಿ ಕಟ್ಟಿಕೊಂಡು ಇದ್ದಾಳಂತೆ." ಅಳತೆಯ ಟೇಪನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದರು. "ಭಾನುವಾರ ನನ್ನ ಒಟ್ಟಿಗೆ ಬರ್ತಿಯಾ? ಒಬ್ಬಳೇ ಹೋಗ್ಲಿಕ್ಕೆ ಹೆದರಿಕೆ ಆಗ್ತದೆ."

ಹೋದೆವು. ಬಸ್ಸಿಳಿದು ಗದ್ದೆಯ ಅಂಚಿನಲ್ಲಿ ನಡೆದು, ಕೇಳಿ ಕೇಳಿ ಮನೆ ಹುಡುಕಿದೆವು. ಜಗಲಿಯಲ್ಲಿ ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದ ನರೆತ ತಲೆಯ ಹೆಂಗಸು ನಮ್ಮನ್ನು ನೋಡಿದರು. ದೊಡ್ಡಮ್ಮ ಚಪ್ಪಲಿ ಕಳಚಿ ಬಿಸಿಲಿನ ಅಂಗಳದಲ್ಲೇ ನಿಂತು, ನಮಸ್ಕಾರವನ್ನೂ ಹೇಳದೆ, ಒಂದೇ ಉಸಿರಿನಲ್ಲಿ ಹೇಳಿದರು: "ಗಿರಿಜಾ, ನಾನು ಕಾಣಲಿಲ್ಲ. ಕಂಡೆ ಅಂತ ಸುಳ್ಳು ಹೇಳಿದೆ."

ಗಿರಿಜಮ್ಮನ ಬೆರಳುಗಳು ನಿಂತವು. ಎಷ್ಟು ಹೊತ್ತು ಎಂದು ನಾನು ಹೇಳಲಾರೆ, ಗಡಿಯಾರ ನೋಡಲಿಲ್ಲ. ಆಮೇಲೆ ಅವರು ಮೊರವನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿ, ಜಗಲಿಯಲ್ಲಿ ಒಬ್ಬರು ಕೂರುವಷ್ಟು ಜಾಗ ಮಾಡಿದರು.

"ಕಾಲು ಸುಡ್ತದೆ ಅಲ್ಲಿ," ಎಂದರು. "ಮೇಲೆ ಬಾ."