ಕಂಪ್ಯೂಟರಿನ ಮರಣ ಹೇಳಿಕೆ

'ನಮ್ಮ ಮ್ಯಾನೇಜರು ಊಟವಾದ ಮೇಲೆ ಹೊಡೆಯುವ ಗೊರಕೆಗೆ ಗೋಡೆಯ ಮೇಲಿನ ಮೀಟರುಗಳು ತಾವಾಗಿಯೇ ತಿರುಗುತ್ತವೆ' ಎಂದು ಮೂರನೇ ಮೇಜಿನ ಗುಮಾಸ್ತ ಟೈಪು ಮಾಡುವಷ್ಟರಲ್ಲಿ ಕಂಪ್ಯೂಟರು ಗಕ್ಕನೆ ನಿಂತಿತು. ನೀರು ಸರಬರಾಜು ಕಚೇರಿಯ ಆರು ಪರದೆಗಳಿಗೂ ಒಂದೇ ಕಂಪ್ಯೂಟರು. ಆರೂ ಒಟ್ಟಿಗೆ ಕಣ್ಣು ಮುಚ್ಚಿದವು.

ಹೆಡ್ ಕ್ಲರ್ಕ್ ಹುದ್ದೆಗೆ ಹನ್ನೊಂದು ವರ್ಷದಿಂದ ಮ್ಯಾನೇಜರು ಅವನ ಹೆಸರು ಕಳಿಸಿರಲಿಲ್ಲ. ಇವತ್ತು ಐದು ಗಂಟೆಗೆ ಮತ್ತೆ ಯಾರದೋ ಹೆಸರು ಹೋಗಲಿತ್ತು. ಆ ಸಿಟ್ಟಿಗೆ ಮೇಲಧಿಕಾರಿಗಳಿಗೆ ಈ ಹೆಸರಿಲ್ಲದ ಅರ್ಜಿ.

"ಛೆ, ಬರೆದದ್ದೆಲ್ಲ ಹೋಯ್ತು!"

"ಎಲ್ಲಿಗೂ ಹೋಗಿಲ್ಲ ಬಿಡಣ್ಣ," ಎಂದಳು ಪಕ್ಕದ ಮೇಜಿನ ಟೈಪಿಸ್ಟು. "ಇದು ಸಾಯೋವಾಗ ಹೊಟ್ಟೇಲಿ ಇದ್ದದ್ದನ್ನೆಲ್ಲ ಒಂದು ಫೈಲಿಗೆ ಕಕ್ಕಿ ಸಾಯುತ್ತೆ. ಯಾರ ಮೇಜಿಂದು, ಯಾಕೆ ಸತ್ತೆ, ಎಲ್ಲಾ ಇರುತ್ತೆ. ರಿಪೇರಿಯವನಿಗೆ ಅಂತ ಮಾಡಿದ್ದು. ಆದ್ರೆ ಬೀಗ ಇಲ್ಲ, ಯಾರು ಬೇಕಾದ್ರೂ ಓದಬಹುದು. ಮೊನ್ನೆ ನಿಮ್ಮತ್ತೆಗೆ ಬರೆದ ಕ್ಷಮಾಪಣೆ ನಾವೆಲ್ಲ ಓದಿದ್ವಿ."

"ಮ್ಯಾನೇಜರೂನಾ?"

"ನಿದ್ದೆಯಿಂದ ಎದ್ದ ಕೂಡಲೇ ಅದನ್ನೇ ಓದೋದು, ಪೇಪರ್ ಓದಿದ ಹಾಗೆ."

ಒಳಗಿನಿಂದ ಗೊರಕೆ ಕೇಳಿಸುತ್ತಿತ್ತು. ಇನ್ನೂ ಕಾಲ ಮಿಂಚಿರಲಿಲ್ಲ. ಗುಮಾಸ್ತ ರಿಪೇರಿಯವನಿಗೆ ಫೋನು ಮಾಡಿದ.

"ಓದೋಕೆ ಎಲ್ಲರಿಗೂ ಪರ್ಮಿಷನ್ ಇದೆ ಸಾರ್, ಅಳಿಸೋಕೆ ಯಾರಿಗೂ ಇಲ್ಲ. ಇನ್ನೊಂದ್ಸಲ ಸತ್ತರೆ ಹಳೇದು ಹೋಗಿ ಹೊಸದು ಕೂರುತ್ತೆ, ಅಷ್ಟೆ."

ಕಂಪ್ಯೂಟರು ಮತ್ತೆ ಎದ್ದ ಕೂಡಲೇ ಗುಮಾಸ್ತ ಅದನ್ನು ಕೊಲ್ಲಲು ಕೂತ. ಬೇಕೆಂದು ಯಂತ್ರ ಕೆಡಿಸಿದವರನ್ನು ಕೆಲಸದಿಂದ ತೆಗೆಯಲಾಗುವುದು ಎಂಬ ನೋಟೀಸು ಎದುರು ಗೋಡೆಯಲ್ಲೇ ಇತ್ತು. ಅದಕ್ಕೆ ಬೆನ್ನು ಹಾಕಿ ಊರಿನ ಅಷ್ಟೂ ಮನೆಗಳ ಬಿಲ್ಲುಗಳನ್ನು ಒಮ್ಮೆಗೇ ತೆರೆದ. ಯಂತ್ರ ಮೂರು ಮಹಡಿ ಹತ್ತಿದ ದಢೂತಿ ಮಾವನಂತೆ ಏದುಸಿರು ಬಿಟ್ಟಿತೇ ಹೊರತು ಸಾಯಲಿಲ್ಲ.

"ಅರ್ಜೆಂಟ್ ಇದ್ದಾಗ ಮಾತ್ರ ಸಾಯೋದು ಅದು," ಎಂದಳು ಟೈಪಿಸ್ಟು.

ಒಳಗೆ ಗೊರಕೆ ಯಾವಾಗ ನಿಂತಿತೋ ಅವನು ಗಮನಿಸಲಿಲ್ಲ. ನಾಲ್ಕೂವರೆಗೆ ಕಂಪ್ಯೂಟರು ಪ್ರಾಣ ಬಿಟ್ಟಿತು. ಅದೇ ಕ್ಷಣ ಮ್ಯಾನೇಜರ ಕೋಣೆಯಿಂದ "ಅಯ್ಯಯ್ಯೋ!" ಎಂಬ ಕೂಗು ಬಂತು.

ಯಂತ್ರ ಎದ್ದೊಡನೆ ಗುಮಾಸ್ತ ಫೈಲು ತೆರೆದ. ಅರ್ಜಿ ಇರಲಿಲ್ಲ. ಅದರ ಜಾಗದಲ್ಲಿ ಮ್ಯಾನೇಜರ ಕಾಗದವಿತ್ತು: 'ಹೆಡ್ ಕ್ಲರ್ಕ್ ಹುದ್ದೆಗೆ ನಮ್ಮ ಮೂರನೇ ಮೇಜಿನ ಗುಮಾಸ್ತರ ಹೆಸರನ್ನು ಶಿಫಾರಸು ಮಾಡುತ್ತೇನೆ. ಅವರ ಬರವಣಿಗೆಯನ್ನು ಇವತ್ತಷ್ಟೇ ಓದಿದೆ. ದಯವಿಟ್ಟು ಬೇರೆ ಕಚೇರಿಗೆ ಹಾಕಿಕೊಳ್ಳಿ.'

ಕೆಳಗಡೆ ಒಂದು ಸಾಲು: 'ಸಾವಿಗೆ ಕಾರಣ: ಮೂರನೇ ಮೇಜು.'

ಮ್ಯಾನೇಜರು ಬಾಗಿಲಲ್ಲಿ ತಲೆ ಹಾಕಿದರು. "ಒಂದು ಗಂಟೆ ಒಂದೇ ಬೆರಳಲ್ಲಿ ಕುಟ್ಟಿದ್ದೆ ಕಣ್ರೀ! ಇರಲಿ, ಆ ಫೈಲಲ್ಲಿ ಇರುತ್ತಲ್ಲ. ಕನ್ನಡಕ ತರ್ತೀನಿ, ತಡೀರಿ."

ಗುಮಾಸ್ತ ಗೋಡೆಯ ನೋಟೀಸನ್ನೊಮ್ಮೆ ನೋಡಿ ಮತ್ತೆ ಊರಿನ ಬಿಲ್ಲುಗಳನ್ನೆಲ್ಲ ತೆರೆಯತೊಡಗಿದ.

"ಹೊಸದರಲ್ಲೂ ನಿಮ್ಮ ಮೇಜಿನ ನಂಬರೇ ಬರೋದು ಅಣ್ಣ," ಎಂದು ಟೈಪಿಸ್ಟು, ಅವನ ಕೈಗೆ ಸಿಗದ ಹಾಗೆ ತನ್ನ ಕೀಬೋರ್ಡನ್ನು ಮಡಿಲಿಗೆ ಎಳೆದುಕೊಂಡಳು.