ಕಣ್ಣು ಬಿಡದ ಕಂಪ್ಯೂಟರು

ಕೆಲವರ ಮನೆಗೆ ನೆಂಟರು ಕರೆಯದೆಯೇ ಬರುತ್ತಾರಲ್ಲ, ಹಾಗೆ ನಾನು ಕೆಲಸಕ್ಕೆ ಸೇರಿದ ಕಡೆಗೆಲ್ಲ ಇಂಥ ಪ್ರಸಂಗಗಳು ವಿಳಾಸ ಹುಡುಕಿಕೊಂಡು ಬರುತ್ತವೆ. ಎಂಬತ್ತರ ದಶಕದ ಕೊನೆಯಲ್ಲಿ ನಾನು ಕಡೂರಿನ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಮೇಷ್ಟ್ರಾಗಿದ್ದೆ. ಇನ್ನು ಮುಂದೆ ಎಲ್ಲಾ ಕಂಪ್ಯೂಟರೇ ಎಂದು ನಮ್ಮ ಯಜಮಾನರಿಗೆ ಒಂದು ದಿನ ಜ್ಞಾನೋದಯವಾಯಿತು. ತಕ್ಷಣ ಅರ್ಧ ಟೈಪ್‌ರೈಟರುಗಳನ್ನು ಮಾರಿದರು. ವಿಜಯದಶಮಿಗೆ ಕಂಪ್ಯೂಟರ್ ತರಗತಿ ಪ್ರಾರಂಭ ಎಂದು ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಊರಿನಲ್ಲಿ ಕರಪತ್ರ ಹಂಚಿಸಿದರು. ಕಂಪ್ಯೂಟರ್ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದ್ದು ಆಮೇಲೆ.

ಕಂಪನಿಯದು ತರಿಸೋಣ ಎಂದರೆ ಬೆಲೆ ಕೇಳಿಯೇ ಯಜಮಾನರಿಗೆ ಬಾಯಾರಿತು. "ಬಿಡಿಭಾಗ ತಂದು ನಾನೇ ಜೋಡಿಸ್ಕೊಡ್ತೀನಿ ಭಾವಾ" ಎಂದು ಮುಂದೆ ಬಂದವನು ಅವರ ಭಾವಮೈದ. ಅಜ್ಜಂಪುರದವನು, ಡಿಪ್ಲೊಮಾ ಓದಿದವನು. ಓದಿದ್ದು ಸರಿ, ಪಾಸಾದನೋ ಎಂದು ಕೇಳುವುದು ಸಭ್ಯತೆಯಲ್ಲವೆಂದು ಯಾರೂ ಕೇಳಲಿಲ್ಲ.

ಯಜಮಾನರು ನನ್ನನ್ನು ಕರೆದು ಹೇಳಿದರು: "ನೋಡಿ ಮೇಷ್ಟ್ರೇ, ವಿಜಯದಶಮಿ ದಿನ ಅದು ಆನ್ ಆದ್ರೆ ನೀವು ಕಂಪ್ಯೂಟರ್ ಮೇಷ್ಟ್ರು. ಆಗ್ಲಿಲ್ಲ ಅಂದ್ರೆ, ಉಳ್ದಿರೋ ಟೈಪ್‌ರೈಟರ್‌ಗೆ ನಾನೊಬ್ನೇ ಸಾಕು ಕಣ್ರೀ."

ಮನೆಯಲ್ಲಿ ಹೆಂಡತಿ ಬಸುರಿ. ಜೋಡಿಸುವವನು ಅವನು, ಕೆಲಸ ಹೋಗುವುದು ನನ್ನದು. ನನಗೆ ನಿಜವಾಗಿಯೂ ಭಯವಾಯಿತು.

ತಂಗಾಳಿ

ಭಾವಮೈದ ಅಜ್ಜಂಪುರದ ಮನೆಯಲ್ಲಿ ಮಂಚದ ಮೇಲೆ ಕಂಪ್ಯೂಟರ್ ಜೋಡಿಸಿ, ಬಸ್ಸಿನಲ್ಲಿ ಕಡೂರಿಗೆ ತಂದ. ಟಿವಿಯಂಥ ಪರದೆಯನ್ನು ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡಿದ್ದ. ಮುಖ್ಯವಾದ ಪೆಟ್ಟಿಗೆ ಬಸ್ಸಿನ ಟಾಪಿನ ಮೇಲೆ ಈರುಳ್ಳಿ ಮೂಟೆಗಳ ನಡುವೆ ಬಂತು. "ಅದು ತಗಡಿಂದು ಭಾವಾ, ಏನೂ ಆಗಲ್ಲ" ಎಂದ.

ಸ್ವಿಚ್ ಒತ್ತಿದ. ಒಳಗೆ ಗುರ್ ಎಂದಿತು. ಉದ್ದಕ್ಕೊಮ್ಮೆ, ಗಿಡ್ಡಕ್ಕೆರಡು ಸಲ ಕುಯ್ ಎಂದು ಸುಮ್ಮನಾಯಿತು. ಪರದೆ ಮಾತ್ರ ಕಪ್ಪಗೇ ಇತ್ತು. ಎಷ್ಟು ಸಲ ಒತ್ತಿದರೂ ಅಷ್ಟೇ.

"ಮನೇಲಿ ಚೆನ್ನಾಗೇ ಆನ್ ಆಗಿತ್ತು" ಎಂದ ಭಾವಮೈದ. "ಸಾಫ್ಟ್‌ವೇರ್ ಪ್ರಾಬ್ಲಂ ಇರ್ಬೇಕು."

ಯಜಮಾನರು ಎದ್ದು ಪೆಟ್ಟಿಗೆಯ ಹಿಂದೆ ಹೋಗಿ ಅಂಗೈ ಹಿಡಿದರು. ಸ್ವಲ್ಪ ಹೊತ್ತು ಹಾಗೇ ನಿಂತಿದ್ದು ಹೇಳಿದರು: "ಗಾಳಿ ಮಾತ್ರ ಚೆನ್ನಾಗಿ ಬತ್ತೈತೆ ಕಣೋ. ಆದ್ರೆ ಫ್ಯಾನು ನಮ್ ಕಡೂರಲ್ಲೇ ಸಿಕ್ತಿತ್ತಲ್ಲೋ!"

ಕೆಂಪು ದೀಪ

ಮರುದಿನ ಭಾವಮೈದನ ಪ್ರಕಾರ ತಪ್ಪು ವೋಲ್ಟೇಜಿನದಾಯಿತು. ಅದು ನಂಬುವಂಥ ಮಾತೇ. ಸುತ್ತಲಿನ ತೋಟದವರೆಲ್ಲ ಪಂಪ್‌ಸೆಟ್ ಹಾಕಿದರೆ ನಮ್ಮ ಬಲ್ಬುಗಳು ಊದುಬತ್ತಿಯಂತೆ ಉರಿಯುತ್ತಿದ್ದವು. ಯಜಮಾನರು ಗೊಣಗುತ್ತಲೇ ಒಂದು ಸ್ಟೆಬಿಲೈಸರ್ ತರಿಸಿದರು. ಹೆಚ್ಚುಕಡಿಮೆ ಗೋಧಿ ಡಬ್ಬದಷ್ಟು ದೊಡ್ಡದು. ಮುಂದೆ ಅಲ್ಲಾಡುವ ಮುಳ್ಳು, ಪಕ್ಕದಲ್ಲಿ ಕೆಂಪು ದೀಪ, ಜೊತೆಗೆ ಗುಂಯ್ ಎನ್ನುವ ಸದ್ದು. ಕಂಪ್ಯೂಟರು ಎಂದಿನಂತೆ ಕುಯ್‌ಗುಟ್ಟಿ ಮಲಗಿತು.

ಅಷ್ಟರಲ್ಲಿ ಕರಪತ್ರ ನೋಡಿ ಲಿಂಗದಹಳ್ಳಿಯಿಂದ ಒಬ್ಬ ಗೌಡರು ಮಗಳನ್ನು ಸೇರಿಸಲು ಬಂದರು. ಚಪ್ಪಲಿ ಹೊರಗೆ ಬಿಟ್ಟು, ಸೀದಾ ಹೋಗಿ ಸ್ಟೆಬಿಲೈಸರ್ ಮುಂದೆ ಕೈಕಟ್ಟಿ ನಿಂತರು. ಮುಳ್ಳು ಆಡುವುದನ್ನು ನೋಡಿ, "ಲೆಕ್ಕ ಮಾಡ್ತಾ ಐತೆ ಅಂತ ಕಾಣ್ತದೆ" ಎಂದರು ಮೆಲ್ಲಗೆ. ಆಮೇಲೆ ನಿಜವಾದ ಕಂಪ್ಯೂಟರಿನ ಕಡೆ ತಿರುಗಿ, "ಇದ್ಯಾಕ್ರೀ, ಟಿವಿ ಕೆಟ್ಟೋಗೈತಾ?" ಎಂದು ಕೇಳಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಯಜಮಾನರು ನನ್ನ ಕಾಲು ತುಳಿದರು. "ಹೂಂ ಗೌಡ್ರೇ, ಅದು ಬರೀ ಟಿವಿ. ರಿಪೇರಿಗೆ ಹಾಕ್ಬೇಕು."

ನಮ್ಮ ಮೊದಲನೇ ಬ್ಯಾಚು ಪೂರ್ತಿ ಸೇರಿದ್ದು ಆ ಸ್ಟೆಬಿಲೈಸರನ್ನು ನೋಡಿಯೇ.

ತರೀಕೆರೆಯ ತಜ್ಞರು

ಆಮೇಲೆ ತರೀಕೆರೆಯಿಂದ ರೇಡಿಯೋ ರಿಪೇರಿಯವರೊಬ್ಬರನ್ನು ಕರೆಸಲಾಯಿತು. ಎಂಥ ರೇಡಿಯೋ ಆದರೂ ಎರಡು ಏಟಿಗೆ ಹಾಡಿಸುತ್ತಾರೆಂದು ಹೆಸರಾಗಿದ್ದವರು. ಕಾಫಿ ಕುಡಿದು, ಎಲೆಅಡಿಕೆ ಹಾಕಿಕೊಂಡು, ಪೆಟ್ಟಿಗೆಯ ನೆತ್ತಿಗೆ ಎರಡು ಬಾರಿಸಿದರು. ಭಾವಮೈದ ಎದೆ ಹಿಡಿದುಕೊಂಡ. ಸ್ವಿಚ್ ಒತ್ತಿದಾಗ ಕಂಪ್ಯೂಟರು ಅದೇ ಉದ್ದಕ್ಕೊಂದು, ಗಿಡ್ಡಕ್ಕೆರಡು ಕುಯ್ ಎಂದಿತು.

"ಆ ಕುಯ್‌ಗೆ ಒಂದು ಅರ್ಥ ಇರುತ್ತೆ. ಪುಸ್ತಕದಲ್ಲಿದೆ. ಪುಸ್ತಕ ಬೆಂಗಳೂರಲ್ಲಿದೆ" ಎಂದ ಭಾವಮೈದ.

ರೇಡಿಯೋದವರು ಕಿವಿಗೊಟ್ಟು ಇನ್ನೊಮ್ಮೆ ಕೇಳಿಸಿಕೊಂಡು ತೀರ್ಪು ಕೊಟ್ಟರು: "ಪುಸ್ತಕ ಯಾಕೆ ಬೇಕು ಸ್ವಾಮಿ? ಸೌಂಡ್ ಕ್ಲಿಯರ್ ಆಗಿದೆ. ಸ್ಟೇಷನ್ ಸಿಗ್ತಾ ಇಲ್ಲ, ಅಷ್ಟೇ."

ರಜದ ದಿನ

ಹೀಗೇ ಆಯುಧಪೂಜೆ ಬಂತು. ಮರುದಿನವೇ ವಿಜಯದಶಮಿ. ನನಗೆ ಊಟ ಸೇರುತ್ತಿರಲಿಲ್ಲ. ಯಜಮಾನರು ಮಾತ್ರ ಪೂಜೆಯ ಸಡಗರದಲ್ಲಿದ್ದರು. ನಮ್ಮಲ್ಲಿ ಆ ದಿನ ಎಲ್ಲಾ ಯಂತ್ರಗಳನ್ನೂ ಒರೆಸಿ, ಗಂಧ ಕುಂಕುಮ ಹಚ್ಚಿ, ಹೂ ಏರಿಸಿ ಪೂಜೆ ಮಾಡಿದ ಮೇಲೆ ಮರುದಿನದವರೆಗೆ ಅವಕ್ಕೆ ರಜ, ಯಾರೂ ಮುಟ್ಟುವಂತಿಲ್ಲ. ಕಂಪ್ಯೂಟರು ಬಂದಾಗಿನಿಂದ ರಜದಲ್ಲೇ ಇದ್ದರೂ ಅದರ ಮರ್ಯಾದೆಗೆ ಕೊರತೆಯಾಗಬಾರದಲ್ಲ.

"ಮೇಲ್ಗಡೆ ಹಚ್ಚಿದ್ರೆ ಏನ್ ಬಂತು? ಕೆಲ್ಸ ಮಾಡೋದು ಒಳಗಡೆ ತಾನೆ? ಮುಚ್ಚಳ ತೆಗಿಯೋ" ಎಂದರು ಭಾವಮೈದನಿಗೆ.

ಒಳಗೆ ಕೆಲವು ಹಸಿರು ಕಾರ್ಡುಗಳು ಸಾಲಾಗಿ ನಿಂತಿದ್ದವು. ಯಜಮಾನರ ಭಕ್ತಿ ಅರೆಬರೆಯದಲ್ಲ. ಹೆಬ್ಬೆರಳಿಗೆ ಗಂಧ ತೆಗೆದುಕೊಂಡು ಒಂದೊಂದು ಕಾರ್ಡಿನ ತಗಡಿನ ಅಂಚಿಗೂ ಬಲವಾಗಿ ಒತ್ತುತ್ತಾ ಬಂದರು. ಒಂದು ಕಾರ್ಡು ಟಕ್ ಎಂದಿತು.

"ಮುರಿದ್ಹಾಕ್ಬಿಟ್ರಲ್ಲ ಭಾವಾ!" ಎಂದು ಭಾವಮೈದ ಗಾಬರಿಯಿಂದ ಸ್ವಿಚ್ ಒತ್ತಿದ. ಗಿಡ್ಡಕ್ಕೆ ಒಂದೇ ಒಂದು ಕುಯ್. ಪರದೆಯ ಮೇಲೆ ಹಸಿರು ಅಕ್ಷರಗಳು ಮೂಡಿದವು! ನನಗೆ ಕಣ್ಣು ತುಂಬಿ ಬಂತು. ನನ್ನ ಕೆಲಸ ಆ ಪರದೆಯ ಮೇಲೆ ಮಿಣಮಿಣ ಎನ್ನುತ್ತಿತ್ತು.

"ಆರ್ಸೋ!" ಯಜಮಾನರು ಗುಡುಗಿದರು. "ಇವತ್ತು ಅದಕ್ಕೆ ರಜ ಕಣೋ! ಪಾಪ ಸುತ್ಕೋತದೆ!"

ಆರಿಸಿದ್ದಾಯಿತು.

ವಿಜಯದಶಮಿಯ ಬೆಳಿಗ್ಗೆ ಮೂರೂ ಊರಿನ ಜನ ನೆರೆದಿದ್ದರು. ಯಜಮಾನರು ಜರಿ ಪೇಟ ಸುತ್ತಿಕೊಂಡು ಸ್ವಿಚ್ ಒತ್ತಿದರು. ಉದ್ದಕ್ಕೊಂದು, ಗಿಡ್ಡಕ್ಕೆರಡು ಕುಯ್. ಪರದೆ ಕಪ್ಪು. ಯಜಮಾನರು ನನ್ನನ್ನು ನೋಡಿದ ನೋಟದಲ್ಲೇ ನನಗೆ ಲೆಕ್ಕ ಚುಕ್ತಾ ಆದಂತಾಯಿತು.

"ಗಂಧ ಒಳಗಿದ್ರೆ ಶಾರ್ಟ್ ಆಗುತ್ತೆ ಅಂತ ಬೆಳಿಗ್ಗೆ ಕಾರ್ಡೆಲ್ಲ ಬಿಚ್ಚಿ, ಒರೆಸಿ, ವಾಪಸ್ ಹಾಕ್ದೆ ಭಾವಾ" ಎಂದ ಭಾವಮೈದ, ಸಣ್ಣ ದನಿಯಲ್ಲಿ.

"ಗಂಧ ಒರೆಸಿದ್ಯಾ?" ಯಜಮಾನರ ಪೇಟ ಅದುರಿತು. "ಅದ್ಕೇ ಮುನಿಸ್ಕೊಂಡೈತೆ! ತಗೊಂಬಾರೋ ಗಂಧದ ಬಟ್ಲು!"

ಎಲ್ಲರೆದುರು ಮುಚ್ಚಳ ತೆಗೆಸಿ, ಹೆಬ್ಬೆರಳಲ್ಲಿ ಒಂದೊಂದಕ್ಕೂ ಒತ್ತಿದರು. ಟಕ್. ಸ್ವಿಚ್. ಅಕ್ಷರಗಳು ಬಂದವು. ಚಪ್ಪಾಳೆಯೋ ಚಪ್ಪಾಳೆ. "ಕಾರ್ಡು ಲೂಸಾಗಿತ್ತು, ಒತ್ತಿದ್ದಕ್ಕೆ ಕೂತ್ಕೊಂತು ಅಷ್ಟೇ" ಎಂದು ಭಾವಮೈದ ಕೂಗಿ ಹೇಳುತ್ತಲೇ ಇದ್ದ. ಅವನು ಜೀವನದಲ್ಲಿ ಮೊದಲ ಸಲ ಸರಿಯಾದ ಮಾತು ಆಡಿದ್ದ, ಆದರೆ ಕೇಳುವವರು ಯಾರೂ ಇರಲಿಲ್ಲ.

ನನ್ನ ಕೆಲಸ ಉಳಿಯಿತು. ಆವತ್ತೇ ಮೊದಲ ತರಗತಿ. ಲಿಂಗದಹಳ್ಳಿ ಗೌಡರ ಮಗಳು ಮುಂದಿನ ಬೆಂಚಿನಿಂದ ಎದ್ದು ಕೇಳಿದಳು: "ಸಾರ್, ಕಂಪ್ಯೂಟರ್ ಆನ್ ಮಾಡೋಕೆ ಮೊದ್ಲು ಯಾವ ಸ್ವಿಚ್ ಒತ್ಬೇಕು?"

ಬಾಗಿಲಲ್ಲಿ ಯಜಮಾನರು ಕೈಕಟ್ಟಿ ನಿಂತಿದ್ದರು. ನಾನು ಗಂಟಲು ಸರಿಮಾಡಿಕೊಂಡು ಪಾಠ ಶುರು ಮಾಡಿದೆ.

"ಸ್ವಿಚ್ಚು ಆಮೇಲಮ್ಮ. ಮೊದ್ಲು ಎಲ್ರೂ ಬಲಗೈ ಹೆಬ್ಬೆರಳಿಗೆ ಗಂಧ ತಗೊಳ್ಳಿ."